ರಾಕಿ ಪರ್ವತದ ಏರಿನಲ್ಲಿ ನಿಂತ ಬಂಡಿ

ಪರ್ವತಪ್ರಯಾಣವೆಂದರೆ ಹಿಮಶಿಖರ, ಕಣಿವೆ, ಝರಿಗಳ ವರ್ಣನೆಯನ್ನು ವಾಚಕರು ನಿರೀಕ್ಷಿಸುವುದು ಸಹಜವೇ. ಆದರೆ ಅಮೆರಿಕದ ರಾಕಿ ಪರ್ವತವು ನನ್ನ ಮನಸ್ಸಿನಲ್ಲಿ ಒಂದು ಹಳೆಯ ವ್ಯಾನಿನ ಗೇರುಬಾಕ್ಸಿನೊಡನೆ ಬೆರೆತುಹೋಗಿದೆ. ಸಂಸಾರವಂದಿಗರಿಗೆ ಅದರಿಂದ ಏನಾದರೂ ಪ್ರಯೋಜನವಾದೀತೆಂಬ ನಂಬಿಕೆಯಿಂದ ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇನೆ.

ನನ್ನ ತಮ್ಮನು ಕೊಲರಾಡೊ ಸಂಸ್ಥಾನದ ಡೆನ್ವರ್ ನಗರದಲ್ಲಿ ಬಹುಕಾಲದಿಂದ ವಾಸವಾಗಿರುವನು. ಶ್ರಾವಣಮಾಸದಲ್ಲಿ ನಾನು ಅವನ ಮನೆಯಲ್ಲಿದ್ದಾಗ, ಅವನ ಮಗಳನ್ನು ಪಶ್ಚಿಮಕ್ಕೆ ಸುಮಾರು 240 ಮೈಲಿ ದೂರದ ಗ್ರ್ಯಾಂಡ್ ಜಂಕ್ಷನ್ ಊರಿನ ಕಾಲೇಜಿಗೆ ಬಿಟ್ಟುಬರಬೇಕಾಯಿತು. ಆ ವರ್ಷ ತಮ್ಮನಿಗೆ ಇದ್ದ ಉದ್ಯೋಗ ತಪ್ಪಿ, ದೊರೆತ ಸಣ್ಣ ಕೆಲಸದಿಂದ ಸಂಸಾರ ಸಾಗುತ್ತಿತ್ತು. ಮನೆಗೆ ಇದ್ದ ವಾಹನವೊಂದೇ. ಅದು ಏಳು ಜನ ಕೂರಬಹುದಾದ, ಇಪ್ಪತ್ತು ವರ್ಷ ದುಡಿದ ವ್ಯಾನು. ಕಾಲೇಜು ತೆರೆಯಲು ಇನ್ನೂ ಎಂಟು ದಿನವಿರುವಾಗಲೇ ಹುಡುಗಿಯ ಪೆಟ್ಟಿಗೆಗಳನ್ನೇರಿಸಿಕೊಂಡು ಹೊರಟೆವು.

ಡೆನ್ವರ್ ಸಮುದ್ರಮಟ್ಟಕ್ಕಿಂತ 5,280 ಅಡಿ, ಎಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿಂದ ಹೆದ್ದಾರಿಯು ಬೆಟ್ಟಗಳ ನಡುವೆ ನುಗ್ಗಿ, ಕ್ಲಿಯರ್ ಕ್ರೀಕ್ ಎಂಬ ಹೊಳೆಯ ಜಾಡು ಹಿಡಿದು, ಸುಮಾರು 60 ಮೈಲಿಯೊಳಗೆ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗಕ್ಕೆ ಏರುವುದು. 1859ರಲ್ಲಿ ಚಿನ್ನ ದೊರೆತ ಐಡಹೊ ಸ್ಪ್ರಿಂಗ್ಸ್ ದಾಟಿದೆವು. ಬೆಳ್ಳಿಯ ಗಣಿಗಳಿಂದ ಹೆಸರಾದ ಜಾರ್ಜ್‌ಟೌನ್ ದಾಟಿದೆವು. ಅಲ್ಲಿಂದ ಮುಂದಿನ ಕಡಿದಾದ ಏರಿನಲ್ಲಿ ಎಂಜಿನು ಇದ್ದಕ್ಕಿದ್ದಂತೆ ಭೋರ್ಗರೆಯಿತು. ಬಂಡಿಯ ವೇಗ ಮಾತ್ರ ಕುಗ್ಗುತ್ತ ಬಂದಿತು. ಹೇಗೋ ತೆವಳಿಕೊಂಡು ಸಿಲ್ವರ್ ಪ್ಲೂಮ್ ಎಂಬ ಪುಟ್ಟ ಊರನ್ನು ಸೇರಿ ನಿಂತೆವು.

ಸಹಾಯಕ್ಕೆ ಕಾಯುತ್ತಿರುವಾಗ ಕೆಳಗಿನ ಕಣಿವೆಯಲ್ಲಿ ಒಂದು ರೈಲು ಸುತ್ತಿಬಳಸಿ ಏರಿಬರುವುದು ಕಾಣಿಸಿತು.

“ದೊಡ್ಡಪ್ಪ, ಮೇಲೆ ಬರಬೇಕಾದ ರೈಲು ಹಿಂದಕ್ಕೇಕೆ ಹೋಗುತ್ತಿದೆ?” ಎಂದು ಹುಡುಗಿ ಕೇಳಿದಳು.

ಅದು 1884ರಲ್ಲಿ ಪೂರ್ಣಗೊಂಡು, 1939ರಲ್ಲಿ ಕಿತ್ತುಹಾಕಲ್ಪಟ್ಟು, 1984ರಲ್ಲಿ ಮರಳಿ ಕಟ್ಟಲ್ಪಟ್ಟ ದಾರಿ. ಎರಡು ಊರುಗಳಿಗೂ ನೇರದಲ್ಲಿ ಎರಡೇ ಮೈಲಿ ಅಂತರವಿದ್ದರೂ, ಏರು 600 ಅಡಿಗಿಂತ ಹೆಚ್ಚು. ಹಾಗೆ ನೆಟ್ಟಗೆ ಏರುವ ಶಕ್ತಿ ಎಂಜಿನಿಗಿಲ್ಲದ್ದರಿಂದ ಹಳಿಯನ್ನು ಸುಮಾರು ನಾಲ್ಕೂವರೆ ಮೈಲಿಯಷ್ಟು ಉದ್ದವಾಗಿ ಸುತ್ತಿಸಿದರು. ದಾರಿಯನ್ನು ಹೆಚ್ಚಿಸಿಕೊಂಡು ಭಾರವನ್ನು ಹಗುರಮಾಡಿಕೊಳ್ಳುವ ಉಪಾಯವಿದು. ಗೇರಿನ ಮರ್ಮವೂ ಇದೇ: ಎಂಜಿನು ಹೆಚ್ಚು ಸುತ್ತು ತಿರುಗಿ, ಚಕ್ರಕ್ಕೆ ಕಡಿಮೆ ಸುತ್ತನ್ನೂ ಹೆಚ್ಚು ಬಲವನ್ನೂ ಕೊಡುವುದು.

ನಮ್ಮ ಆಗುಂಬೆಯ ಘಾಟಿಯಲ್ಲಿ ಬಸ್ಸಿನ ಚಾಲಕನು ಕಾಲಿನಿಂದ ಕ್ಲಚ್ಚನ್ನೊತ್ತಿ, ಕೈಯಿಂದ ಗೇರು ಬದಲಿಸುವುದನ್ನು ಕಂಡವರಿಗೆ ಈ ವ್ಯಾನು ವಿಚಿತ್ರವೆನಿಸುವುದು. ಇದರಲ್ಲಿ ಆ ಕೆಲಸವೆಲ್ಲ ತಾನಾಗಿ ನಡೆಯುವುದು. ಜನರಲ್ ಮೋಟರ್ಸ್ ಸಂಸ್ಥೆಯವರು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಇಂತಹ ಗೇರನ್ನು ಬಳಕೆಗೆ ತಂದರು. ಈಗಿನ ಬಂಡಿಗಳಲ್ಲಿ ಎಂಜಿನು ತಿರುಗಿಸುವ ಅಲಗುಚಕ್ರವೊಂದು ಎಣ್ಣೆಯನ್ನು ಎದುರಿನ ಇನ್ನೊಂದು ಅಲಗುಚಕ್ರದ ಮೇಲೆ ಎರಚಿ ಅದನ್ನು ತಿರುಗಿಸುವುದು. ಇವೆರಡನ್ನೂ ಒಳಗೊಂಡ ದುಂಡು ಡಬ್ಬಿಗೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಮುಂದೆ ಕ್ಲಚ್ಚಿನ ಬಿಲ್ಲೆಗಳನ್ನು ಒತ್ತಿಹಿಡಿಯುವುದೂ ಎಣ್ಣೆಯ ಒತ್ತಡವೇ. ಆದಕಾರಣ ಇಲ್ಲಿ ಎಣ್ಣೆಯೇ ಕೈ, ಎಣ್ಣೆಯೇ ಕಾಲು. ಅದು ಹಳತಾಗಿ ಕೆಟ್ಟರೆ ಬಿಲ್ಲೆಗಳು ಜಾರುವುವು, ಜಾರಿದರೆ ಕಾವೇರುವುದು, ಕಾವೇರಿದರೆ ಎಣ್ಣೆ ಮತ್ತಷ್ಟು ಕೆಡುವುದು.

ಲಾರಿಯೊಂದರ ಬೆನ್ನೇರಿ ವ್ಯಾನು ಮನೆಗೆ ಮರಳಿತು. ಅಂದು ರಾತ್ರಿ ತಮ್ಮನು ತಲೆತಗ್ಗಿಸಿ, “ಅಣ್ಣ, ಎರಡು ತಿಂಗಳಿಂದ ಬೆಳಗ್ಗೆ ಗೇರು ಹಾಕಿದರೆ ಸ್ವಲ್ಪ ತಡೆದು ಹಿಡಿಯುತ್ತಿತ್ತು. ಹೇಳಿದರೆ ಇವಳು ಕಾಲೇಜೇ ಬೇಡವೆಂದಾಳೆಂದು ಸುಮ್ಮನಿದ್ದೆ” ಎಂದನು.

“ಹೇಳಿದ್ದರೆ ಬಸ್ಸಿನಲ್ಲಿ ಹೋಗುತ್ತಿದ್ದೆನಪ್ಪ” ಎಂದಳು ಮಗಳು. ತಮ್ಮನ ಮಡದಿಯು ಏನೂ ಹೇಳದೆ ಒಳಗೆದ್ದು ಹೋದಳು.

ರಿಪೇರಿ ಅಂಗಡಿಯವರು ಕೇಳಿದ ಹಣ ಬಂಡಿಯ ಬೆಲೆಗಿಂತಲೂ ಹೆಚ್ಚು. ಕೊಟ್ಟರೆ ಕಾಲೇಜಿನ ಶುಲ್ಕಕ್ಕೇ ಕೈಹಾಕಬೇಕು. ಮೋಟಾರು ಕೆಲಸದಲ್ಲಿ ಆಯುಷ್ಯ ಕಳೆದ ನೆರೆಮನೆಯ ವೃದ್ಧರೊಬ್ಬರು ಮರುದಿನ ತಾವಾಗಿಯೇ ಬಂದರು. “ಒಂದೇ ಲಕ್ಷಣ ನೋಡಿ ಗೇರುಬಾಕ್ಸು ಸತ್ತಿತೆನ್ನಬಾರದು; ಎಣ್ಣೆ ಕಡಿಮೆಯಾದರೂ, ವಿದ್ಯುತ್ತಿನ ಸಣ್ಣ ಭಾಗವೊಂದು ಕೆಟ್ಟರೂ ಹೀಗಾಗಬಹುದು” ಎಂದು ಅವರ ಮಾತು. ಅಳತೆಕಡ್ಡಿಯನ್ನೆಳೆದು ನೋಡಿದರೆ ಎಣ್ಣೆಯ ಮಟ್ಟ ಸರಿಯಾಗಿತ್ತು. ಆದರೆ ಕೆಂಪಗಿರಬೇಕಾದದ್ದು ಕಂದಾಗಿ, ಸುಟ್ಟ ವಾಸನೆ ಬರುತ್ತಿತ್ತು. ಬಂಡಿಯ ಕಂಪ್ಯೂಟರಿನ ಸಂಕೇತವೂ ಗೇರು ಜಾರುತ್ತಿದೆಯೆಂದಿತು. ಕೊನೆಗೆ ತಳದ ತಟ್ಟೆಯನ್ನು ಬಿಚ್ಚಿದಾಗ ಬಿಲ್ಲೆಗಳ ಕರಿಯ ಚೂರುಗಳು ರಾಶಿಯಾಗಿ ಕಂಡುವು. ಸಂದೇಹವುಳಿಯಲಿಲ್ಲ.

ಊರಾಚೆಯ ಗುಜರಿ ಅಂಗಳಕ್ಕೆ ಹೋದೆವು. ಸಾಲುಸಾಲಾಗಿ ನಿಂತ ಮುರುಕು ಬಂಡಿಗಳ ನಡುವೆ, ಹಿಂಭಾಗ ಮಾತ್ರ ಜಜ್ಜಿಹೋದ ಅದೇ ವರ್ಷದ ವ್ಯಾನೊಂದು ದೊರಕಿತು. ವೃದ್ಧರು ಗೇರುಬಾಕ್ಸಿನ ಮೇಲಿನ ಸಂಖ್ಯೆಯನ್ನು ನಮ್ಮದರೊಡನೆ ಹೋಲಿಸಿ, ಎಣ್ಣೆ ಶುದ್ಧವಾಗಿದೆಯೆಂದು ನೋಡಿದ ಬಳಿಕವೇ ಒಪ್ಪಿದರು.

ಅದನ್ನು ಕೂರಿಸಲು ಎರಡು ದಿನ ಹಿಡಿಯಿತು. ಬ್ಯಾಟರಿಯ ತಂತಿ ಬಿಚ್ಚಿ, ಎಣ್ಣೆ ಸುರಿದು, ಮುಂದಿನ ಚಕ್ರಗಳ ಆಕ್ಸಲುಗಳನ್ನೆಳೆದು, ಎಂಜಿನನ್ನು ಮೇಲಿನಿಂದ ಅಡ್ಡಗಂಬಿಗೆ ತೂಗುಹಾಕಿ, ಹಳೆಯದನ್ನು ಜ್ಯಾಕಿನ ಮೇಲೆ ಇಳಿಸಿದರು. ಹಳೆಯ ಚೂರುಗಳು ಹೊಸದನ್ನು ಸೇರದಂತೆ ರೇಡಿಯೇಟರಿಗೆ ಹೋಗುವ ಎಣ್ಣೆಯ ಕೊಳವೆಗಳನ್ನು ತೊಳೆದರು. ಟಾರ್ಕ್ ಕನ್ವರ್ಟರ್ ಪೂರ್ತಿ ಒಳಗೆ ಕುಳಿತಿದೆಯೇ ಎಂದು ವೃದ್ಧರು ಮೂರು ಬಾರಿ ತಿರುಗಿಸಿ ನೋಡಿದರು. ಕೂರದೆ ಬೋಲ್ಟು ಬಿಗಿದರೆ ಒಳಗಿನ ಎಣ್ಣೆಯ ಪಂಪು ಒಡೆಯುವುದಂತೆ. ಅವರು ಹಣ ಮುಟ್ಟಲಿಲ್ಲ. ಮಡದಿಯು ಮಾಡಿದ ಹೋಳಿಗೆಯನ್ನು ಮಾತ್ರ ಸಂತೋಷದಿಂದ ಸ್ವೀಕರಿಸಿದರು.

ಕಾಲೇಜು ತೆರೆಯುವ ಹಿಂದಿನ ದಿನ ಮತ್ತೆ ಹೊರಟೆವು. ಸಿಲ್ವರ್ ಪ್ಲೂಮಿನ ಏರಿನಲ್ಲಿ ಯಾರೂ ಮಾತನಾಡಲಿಲ್ಲ. ಬಂಡಿಯು ಒಂದು ಗೇರು ಇಳಿಸಿಕೊಂಡು ನಿಧಾನವಾಗಿ ಏರಿ ಸುರಂಗವನ್ನು ಹೊಕ್ಕಿತು. ಅದರ ನೆತ್ತಿಯ ಮೇಲೆಯೇ ಖಂಡದ ನೀರು ಎರಡಾಗುವುದು: ಪೂರ್ವದ್ದು ಅಟ್ಲಾಂಟಿಕ್ ಕಡೆಗೆ, ಪಶ್ಚಿಮದ್ದು ಪೆಸಿಫಿಕ್ ಕಡೆಗೆ. ಆಚೆಯ ಬೆಳಕಿಗೆ ಬಂದಾಗ ತಮ್ಮನು ಉಸಿರು ಬಿಟ್ಟನು.

ನಮ್ಮ ಶ್ರಮವನ್ನು ತಪ್ಪಿಸುವ ಯಂತ್ರವು ತನ್ನ ಕಷ್ಟವನ್ನು ಬೇಗ ಹೇಳಿಕೊಳ್ಳುವುದಿಲ್ಲ. ಆಗಾಗ ಎಣ್ಣೆ ನೋಡಿ ನಾವೇ ಕೇಳಿಕೊಳ್ಳಬೇಕು. ಮನೆಯ ಯಜಮಾನನಾದರೂ ಹಾಗಿರಬಾರದು. ಮಗಳನ್ನು ಬಿಟ್ಟು ಮರಳಿದ ಮೇಲೆ ತಮ್ಮನು ಒಂದು ಪುಸ್ತಕವನ್ನು ತಂದು, ಮೊದಲ ಪುಟದಲ್ಲಿ ಮುಂದಿನ ಎಣ್ಣೆ ಬದಲಾವಣೆಯ ಮೈಲಿಯನ್ನೂ, ಎರಡನೆಯ ಪುಟದಲ್ಲಿ ಮನೆಯ ಸಾಲದ ಲೆಕ್ಕವನ್ನೂ ಬರೆದು ಮಡದಿಯ ಕೈಗೆ ಕೊಟ್ಟನು.