ಕಳೆದುಹೋದ 3ರ ಬೆನ್ನು ಹತ್ತಿ

ತಕ್ಕಡಿಯ ಕೆಂಪು ಅಂಕಿಗಳಲ್ಲಿ 12.350 ಇದೆ. ಪಕ್ಕದ ಪಿಸಿಯ ಪರದೆಯಲ್ಲಿ 12.50. ನೀವು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡುತ್ತೀರಿ.

1995ನೇ ಇಸವಿ, ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಪ್ಯಾಕಿಂಗ್ ಶೆಡ್. ಬೋಲ್ಟ್ ತುಂಬಿದ ಪೆಟ್ಟಿಗೆ ತಕ್ಕಡಿಯ ಮೇಲೆ ಕೂರುತ್ತದೆ. ತೂಕ ಕೇಬಲ್ಲಿನಲ್ಲಿ ಹಾದು 386 ಪಿಸಿಯ ಎರಡನೇ ಸೀರಿಯಲ್ ಪೋರ್ಟಿಗೆ ಬರುತ್ತದೆ. ಮೊದಲನೆಯದನ್ನು ಮೌಸ್ ಹಿಡಿದುಕೊಂಡಿದೆ. ಟರ್ಬೊ ಸಿ++ನಲ್ಲಿ ನೀವು ಬರೆದ ಪ್ರೋಗ್ರಾಂ ಆ ತೂಕವನ್ನು ಓದಿ, ಪರದೆಗೆ ಹಾಕಿ, ಹಾರ್ಡ್ ಡಿಸ್ಕಿಗೆ ಬರೆಯಬೇಕು. ಬಿಲ್ ಆಗುವುದು ಅದರ ಮೇಲೆಯೇ.

“ಸಾರ್, ಮತ್ತೆ ತಪ್ಪು ತೂಕ ಬಂತು. ಕೇಬಲ್ ಲೂಸಾಗಿದ್ಯಾ ನೋಡ್ಲಾ?” ಪ್ಯಾಕಿಂಗ್ ಹುಡುಗ ಕೇಳುತ್ತಾನೆ.

“ಬೇಡಪ್ಪ, ಅದನ್ನ ಮುಟ್ಟಬೇಡ.”

ಎಸ್.ಪಿ. ರಸ್ತೆಯಿಂದ ತಂದ ಒಂಬತ್ತು ಪಿನ್ನಿನ ಕನೆಕ್ಟರಿಗೆ ಬೆಸುಗೆ ಹಾಕಿದ್ದು ನೀವೇ. ತಂತಿ ಸಡಿಲವಾಗಿದ್ದರೆ ಬಾಯಿಗೆ ಬಂದ ಅಕ್ಷರಗಳೆಲ್ಲ ಬರಬೇಕಿತ್ತು. ಇಲ್ಲಿ ಮಾಯವಾಗಿರುವುದು ಒಂದು 3 ಮಾತ್ರ. ಉಳಿದದ್ದು ಅಪ್ಪಟ ತೂಕದ ಹಾಗೆಯೇ ಕಾಣುತ್ತದೆ. ನೂರೈವತ್ತು ಗ್ರಾಂ ಸದ್ದಿಲ್ಲದೆ ಬಿಲ್ಲಿಗೆ ಸೇರುತ್ತದೆ.

ಸೀರಿಯಲ್ ಚಿಪ್ಪಿನ ಸ್ಟೇಟಸ್ ಬೈಟನ್ನು ಪರದೆಗೆ ಹಾಕಿಸಿ ನೋಡಿ. ಅಕ್ಷರ ಬಂದಾಗಲೆಲ್ಲ ಹೆಕ್ಸ್ ಲೆಕ್ಕದಲ್ಲಿ 61, 61, 61. ನಡುವೆ ಒಮ್ಮೆ 63. ಹೆಚ್ಚಿಗೆ ಬಂದ ಆ ಒಂದು ಬಿಟ್ ಓವರ್‌ರನ್ನಿನದು: ಹಿಂದಿನ ಅಕ್ಷರವನ್ನು ನೀವು ಎತ್ತುವ ಮೊದಲೇ ಮುಂದಿನದು ಅದರ ಮೇಲೆ ಬಂದು ಕೂತಿದೆ.

ಲೆಕ್ಕ ಕಷ್ಟದ್ದೇನಲ್ಲ. ವೇಗ 9600 ಬಾಡ್. ಸ್ಟಾರ್ಟ್, ಸ್ಟಾಪ್ ಸೇರಿ ಅಕ್ಷರಕ್ಕೆ ಹತ್ತು ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದೊಂದಕ್ಕೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಪಿಸಿಯೊಳಗಿನ 16450 ಚಿಪ್ಪಿನಲ್ಲಿ ಬಂದ ಅಕ್ಷರ ಕಾಯುವುದಕ್ಕೆ ಒಂದೇ ಜಾಗ. ಟರ್ಬೊ ಸಿಯ ಬಯಾಸ್‌ಕಾಮ್ ಫಂಕ್ಷನ್ ಮಾಡುವುದು ಹಾಲು ಉಕ್ಕೀತೆಂದು ಒಲೆಯ ಮುಂದೆ ನಿಲ್ಲುವ ಕೆಲಸ. ಪ್ರೋಗ್ರಾಂ ಡಿಸ್ಕಿನ ಕಡೆ ತಿರುಗಿತೋ, ಹಾಲು ನೆಲದ ಪಾಲು. ಚಿಪ್ಪೇ ಪ್ರೊಸೆಸರನ್ನು ಕರೆಯಬೇಕು, ಅಂದರೆ ಇಂಟರಪ್ಟ್ ಬೇಕು. ಅದನ್ನು ಸರಿಯಾಗಿ ಬರೆದಿಟ್ಟವರು ಯಾರಾದರೂ ಇದ್ದಾರೆಯೇ?

ಮೇಜಿನ ಮೇಲೆ ಜೋ ಕ್ಯಾಂಪ್‌ಬೆಲ್ ಅವರ ಸೀರಿಯಲ್ ಸಂವಹನದ ದಪ್ಪ ಪುಸ್ತಕವಿದೆ; 1987ರದು, ಸಿ ಭಾಷೆಯವರು ಕೈಯಿಂದ ಕೈಗೆ ದಾಟಿಸಿದ್ದು. ಅದೇ ವಿಷಯದ ಮೇಲೆ ಮಾರ್ಕ್ ನೆಲ್ಸನ್ ಸಿ++ನವರಿಗಾಗಿ 1992ರಲ್ಲಿ ಬರೆದದ್ದೂ ಇದೆ. ಗ್ರೀನ್‌ಲೀಫ್ ಕಂಪನಿಯ ಕಾಮ್‌ಲಿಬ್ ಲೈಬ್ರರಿ ಹೆಸರುವಾಸಿ, ಆದರೆ ಬೆಲೆ ಡಾಲರಿನಲ್ಲಿ. ಯಜಮಾನರನ್ನು ಕೇಳುವ ಧೈರ್ಯ ನಿಮಗಿಲ್ಲ. ಫಾಸಿಲ್ ಎಂಬ ಡ್ರೈವರುಗಳೂ ಇವೆ. ಫೈಡೋನೆಟ್ ಬುಲೆಟಿನ್ ಬೋರ್ಡಿನವರು ಬೆಳೆಸಿದ ಇವು ಮೆಮೊರಿಯಲ್ಲಿ ಕೂತು ಬಯಾಸಿನ ಕೆಲಸವನ್ನು ಇಂಟರಪ್ಟ್ ಮೂಲಕ ಮಾಡಿಕೊಡುತ್ತವೆ. ಆರಂಭದ ಕರೆಗೆ ಹೆಕ್ಸ್ 1954 ಎಂಬ ಉತ್ತರ ಬಂದರೆ ಡ್ರೈವರ್ ಇದೆಯೆಂದು ಗುರುತು. ಆದರೆ ಯಾರೋ ಕಾನ್ಫಿಗ್ ಕಡತ ತಿದ್ದಿ ಡ್ರೈವರಿನ ಸಾಲು ಅಳಿಸಿದರೆ ತೂಕವೇ ನಿಂತುಹೋಗುತ್ತದೆ. ಶೆಡ್ಡಿಗೆ ಅದು ಬೇಡ.

ಉಳಿದದ್ದು ಡಾಸ್ ಪ್ರೋಗ್ರಾಂಗಳ ಸಿಮ್‌ಟೆಲ್ ಸಂಗ್ರಹದ ಸಿಡಿ. ಸೀರಿಯಲ್ ಪೋರ್ಟಿನ ಜಿಪ್ ಫೈಲುಗಳು ಸಾಲು ಸಾಲಾಗಿ ಬರುತ್ತವೆ. ಒಂದೊಂದನ್ನೇ ಬಿಚ್ಚಿ. ರೀಡ್‌ಮಿ ಕೊಚ್ಚಿಕೊಳ್ಳುವುದನ್ನು ಪಕ್ಕಕ್ಕಿಟ್ಟು ನೇರ ಸೋರ್ಸಿಗೆ ಇಳಿಯಿರಿ.

ಮೊದಲನೆಯದರಲ್ಲಿ ಔಟ್2 ಎಂಬ ಬಿಟ್ಟನ್ನು ಆನ್ ಮಾಡುವ ಸಾಲೇ ಇಲ್ಲ. ಪಿಸಿಯಲ್ಲಿ ಚಿಪ್ಪಿನ ಇಂಟರಪ್ಟ್ ತಂತಿ ಆ ಬಿಟ್ಟಿನ ಗೇಟು ದಾಟಿಯೇ ಹೊರಬರಬೇಕು. ಮಿಕ್ಕ ಸಾಲುಗಳೆಲ್ಲ ಸರಿಯಿದ್ದರೂ ಒಂದು ಕರೆಯೂ ಪ್ರೊಸೆಸರನ್ನು ತಲುಪುವುದಿಲ್ಲ. ಮುಚ್ಚಿ.

ಎರಡನೆಯದು ಔಟ್2 ಹಾಕುತ್ತದೆ, ಆದರೆ ಒಂದು ಇಂಟರಪ್ಟಿಗೆ ಒಂದೇ ಅಕ್ಷರ ಓದಿ ಹೊರಟುಬಿಡುತ್ತದೆ. ಅಷ್ಟರಲ್ಲಿ ಚಿಪ್ಪಿಗೆ ಹೇಳಲು ಇನ್ನೊಂದಿದ್ದರೆ ತಂತಿ ಮೇಲೆಯೇ ನಿಲ್ಲುತ್ತದೆ. ಇಂಟರಪ್ಟನ್ನು ಪ್ರೊಸೆಸರಿಗೆ ದಾಟಿಸುವ 8259 ಕಂಟ್ರೋಲರ್ ಕಾಯುವುದು ತಂತಿ ಕೆಳಗಿನಿಂದ ಮೇಲೇಳುವ ಗಳಿಗೆಗೆ. ಆ ಗಳಿಗೆ ಮತ್ತೆ ಬರುವುದೇ ಇಲ್ಲ, ಪೋರ್ಟ್ ಮೂಕವಾಗುತ್ತದೆ. ಇದೂ ಬೇಡ.

ಮೂರನೆಯದರಲ್ಲಿ ಎಲ್ಲವೂ ಇದೆ. ಬಾಕಿಯೇನೂ ಇಲ್ಲ ಎಂದು ಚಿಪ್ಪೇ ಹೇಳುವವರೆಗೆ ಓದುವ ಲೂಪ್, ಕೊನೆಗೆ ಹೆಕ್ಸ್ 20ರ ಪೋರ್ಟಿಗೆ 20 ಬರೆದು ಕಂಟ್ರೋಲರಿಗೆ ಕೊಡುವ ಮುಕ್ತಾಯದ ಸೂಚನೆ, ಓವರ್‌ರನ್ ಎಣಿಸುವ ಒಂದು ಕೌಂಟರ್. ಕಂಪೈಲ್ ಮಾಡಿ.

ಪೆಟ್ಟಿಗೆ ತಕ್ಕಡಿಗೇರುತ್ತದೆ. ಪ್ರೋಗ್ರಾಂ ಹಿಂದಿನ ತೂಕವನ್ನು ಡಿಸ್ಕಿಗೆ ಬರೆಯುತ್ತಿದೆ, ಪಿಸಿಯ ಕೆಂಪು ದೀಪ ಮಿಣುಕುತ್ತಿದೆ. ಅಷ್ಟರಲ್ಲಿ 1 ಬಂತು. ಚಿಪ್ ಐಆರ್‌ಕ್ಯೂ 3ರ ತಂತಿಯನ್ನು ಎತ್ತುತ್ತದೆ; ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ಹೊಸ ಫಂಕ್ಷನ್ನಿಗೆ ಜಿಗಿಯುತ್ತದೆ; ಅದು 2ಎಫ್8ರ ಪೋರ್ಟಿನಿಂದ ಅಕ್ಷರವನ್ನು ಎತ್ತಿ ಮೆಮೊರಿಯ ರಿಂಗ್ ಬಫರಿಗೆ ಸೇರಿಸಿ ಹಿಂದಿರುಗುತ್ತದೆ. ಡಿಸ್ಕಿನ ಕೆಲಸಕ್ಕೆ ನಡುವೆ ಏನಾಯಿತೆಂಬುದೇ ತಿಳಿಯದು. ಆಮೇಲೆ 2, ಚುಕ್ಕೆ, 3, 5, 0. ಪರದೆಯಲ್ಲಿ 12.350. ಕೌಂಟರಿನಲ್ಲಿ ಸೊನ್ನೆ.

ಇನ್ನೂ ಒಂದು ಪರೀಕ್ಷೆ ಬಾಕಿ. ತಕ್ಕಡಿ ತೂಕ ಕಳಿಸುತ್ತಿರುವಾಗಲೇ ಕಂಟ್ರೋಲ್-ಬ್ರೇಕ್ ಒತ್ತಿ. ಹಳೆಯ ವೆಕ್ಟರನ್ನು, ಅಂದರೆ ಇಂಟರಪ್ಟ್ ಬಂದಾಗ ಜಿಗಿಯಬೇಕಾದ ವಿಳಾಸವನ್ನು, ಮರಳಿ ಕೂರಿಸದ ಲೈಬ್ರರಿಯಾದರೆ ಪ್ರೋಗ್ರಾಂ ಹೋದ ಮೇಲೂ ಕರೆ ಅದರ ವಿಳಾಸಕ್ಕೇ ಹೋಗುತ್ತದೆ; ಆ ಮೆಮೊರಿಯಲ್ಲಿ ಬೇರೇನೋ ಬಂದು ಕೂತಾಗ ಪಿಸಿ ಕಲ್ಲಾಗುತ್ತದೆ. ಇಲ್ಲಿ ಡಾಸ್ ಪ್ರಾಂಪ್ಟ್ ತಣ್ಣಗೆ ಬಂದು ನಿಲ್ಲುತ್ತದೆ. ಡಿಐಆರ್ ಒತ್ತಿ ನೋಡಿ, ಅದೂ ಸರಿ.

“ಏನಾಗಿತ್ತು ಸಾರ್?”

“ಒಂದು ಅಕ್ಷರ ಇಡೋಕೆ ಜಾಗ ಇರಲಿಲ್ಲ.”

ಮುಂದೆ 16 ಅಕ್ಷರ ಹಿಡಿಯುವ 16550ಎ ಚಿಪ್ಪಿನ ಕಾರ್ಡುಗಳು ಮಾಮೂಲಾದವು. ಯುಎಸ್‌ಬಿ ಬರುವ ಹೊತ್ತಿಗೆ, ಡಾಸ್ ಕಾಲ ಮುಗಿಯುತ್ತಿದ್ದಂತೆ, ಈ ಕೆಲಸವನ್ನೆಲ್ಲ ಆಪರೇಟಿಂಗ್ ಸಿಸ್ಟಮ್ಮೇ ವಹಿಸಿಕೊಂಡಿತು. ಹಲವು ತಕ್ಕಡಿ, ಮೀಟರು, ಲೇತ್‌ಗಳು ಮಾತ್ರ ಇಂದಿಗೂ ಸೀರಿಯಲ್ಲಿನಲ್ಲೇ ಮಾತಾಡುತ್ತಿವೆ. ಅವುಗಳಿಗೆ ಲೈಬ್ರರಿ ಹುಡುಕುತ್ತಿದ್ದರೆ ಮೂರನ್ನು ವಿಚಾರಿಸಿ: ಸೋರ್ಸ್ ಕೊಡುತ್ತದೆಯೇ, ಕಳೆದುಹೋದ ಅಕ್ಷರವನ್ನು ಎಣಿಸಿ ಹೇಳುತ್ತದೆಯೇ, ಹೊರಡುವಾಗ ಮುಟ್ಟಿದ್ದನ್ನೆಲ್ಲ ಮೊದಲಿನಂತೆ ಇಟ್ಟು ಹೋಗುತ್ತದೆಯೇ. ಮೂರರಲ್ಲಿ ಒಂದು ಇಲ್ಲದಿದ್ದರೂ ಹಣದ ಲೆಕ್ಕಕ್ಕೆ ಅದನ್ನು ಕಟ್ಟಬೇಡಿ.