ಮಳೆಗೆ ಮೊದಲು ಬರುತ್ತಿದ್ದ ಗೌಂಡಿ

ರೋಹಿಣಿ ಮಳೆ ಹತ್ತಿರ ಬಂತೆಂದರೆ ಗೌಂಡಿ ಕಾಕಾ ಹೇಳಿ ಕಳಿಸದೆಯೇ ನಮ್ಮ ಮನೆಗೆ ಬರುತ್ತಿದ್ದ. ನಮ್ಮದು ಹಾನಗಲ್ಲ ತಾಲ್ಲೂಕಿನಲ್ಲಿ ವರದಾ ದಂಡೆಯ ಊರು. ಮಣ್ಣಿನ ಗೋಡೆ, ಮೇಲೆ ನಾಡಹಂಚು. ಕಾಕಾ ಏಣಿ ಹಾಕಿ ಏರಿ, ಮಂಗ ಹಾರಿ ಒಡೆದ ಹಂಚು ತೆಗೆದು, ಸರಿದದ್ದನ್ನು ಕೂಡಿಸಿ, ಗೆದ್ದಲು ಹಿಡಿದ ರೀಪು ಕಂಡರೆ ಮೇಲಿನಿಂದಲೇ ಬಡಿಗೇರನನ್ನು ಕೂಗುತ್ತಿದ್ದ. ಸವಣೂರಿನ ಅತ್ತೆಯದು ಮಾಳಿಗೆ ಮನೆ. ಅಲ್ಲಿ ಅದೇ ಹೊತ್ತಿಗೆ ಸವಳು ಮಣ್ಣು ಹಾಕುತ್ತಿದ್ದರು. ಅದನ್ನು ತುಳಿಯುವ ಕೆಲಸ ನಮ್ಮಂಥ ಹುಡುಗರದು.

ಕಾಕಾಗೆ ದಿನದ ಕೂಲಿ, ಮಧ್ಯಾಹ್ನದ ಊಟ, ಸುಗ್ಗಿಗೆ ಒಂದಿಷ್ಟು ಭತ್ತ. ಮಳೆಗಾಲದಲ್ಲಿ ಎಲ್ಲಿಯಾದರೂ ತೊಟ್ಟಿಕ್ಕಿದರೆ ನಮ್ಮಜ್ಜಿ ಮರುದಿನ ಅವನ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. ಅವನು ಏನೂ ಅನ್ನದೆ ಏಣಿ ಹೊತ್ತು ಬರುತ್ತಿದ್ದ. ಕೆಲಸ ಕೆಡಿಸಿ ತಪ್ಪಿಸಿಕೊಳ್ಳೋಣವೆಂದರೆ ಅವನಿಗಿದ್ದದ್ದು ಅದೊಂದೇ ಊರು. ಮುಂಗಡವೆಂಬ ಮಾತು ನಮ್ಮ ಜಗಲಿಯಲ್ಲಿ ನಾನು ಕೇಳಿದ್ದಿಲ್ಲ.

2019ರ ಆಗಸ್ಟ್‌ನಲ್ಲಿ ಮಳೆ ಬಿಡದೆ ಹೊಡೆಯಿತು, ವರದಾ ಉಕ್ಕಿತು. ನೆನೆದ ಗೋಡೆಗಳು ರಾತ್ರಿಯೆಲ್ಲ ಒಂದೊಂದಾಗಿ ಕುಸಿದ ಸದ್ದು ಇನ್ನೂ ಕಿವಿಯಲ್ಲಿದೆ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅಡಿಪಾಯಕ್ಕೆ ಮೊದಲ ಕಂತು 1 ಲಕ್ಷ. ಕಟ್ಟಿದಷ್ಟರ ಫೋಟೊ ಏರಿಸಿದ ಮೇಲೆ ಮುಂದಿನದು. ಆ ದುಡ್ಡಿನ ಹಿಂದೆಯೇ ಗುರುತು ಪರಿಚಯವಿಲ್ಲದ ಗುತ್ತಿಗೆದಾರರು ಬೈಕಿನ ಮೇಲೆ ಬಂದರು.

ನಮ್ಮ ಓಣಿಯ ದೊಡ್ಡವ್ವನಿಗೆ ಎಪ್ಪತ್ತು ದಾಟಿತ್ತು. ಗಂಡನಿಲ್ಲ, ಮಗ ಬೆಂಗಳೂರಿನಲ್ಲಿ. ‘ನೀ ಯಾಕ ಚಿಂತಿ ಮಾಡ್ತೀಯವ್ವಾ, ನಾ ನಿನ್ನ ಮಗಾ ಇದ್ದಂಗ. ಮುಂದಿನ ಮಳಿಗಾಲ ಹೊಸ ಮನ್ಯಾಗ’ ಎಂದು ಒಬ್ಬ ಹೇಳಿದ್ದನ್ನು ನಾನೇ ಕಟ್ಟೆಯ ಮೇಲೆ ಕೂತು ಕೇಳಿದ್ದೇನೆ. ಬ್ಯಾಂಕಿಗೂ ಅವನೇ ಕರೆದುಕೊಂಡು ಹೋದ. 1 ಲಕ್ಷವನ್ನೂ ಕೈಗೆ ಪಡೆದು, ಪಾಯ ತೋಡಿಸಿ, ನಾಲ್ಕು ಸಾಲು ಕಲ್ಲು ಇಡಿಸಿ ಹೋದವನ ಫೋನು ಆಮೇಲೆ ಹತ್ತಲಿಲ್ಲ. ಪಾಯ ಮುಗಿಯದೆ ಫೋಟೊ ಇಲ್ಲ, ಫೋಟೊ ಇಲ್ಲದೆ ಮುಂದಿನ ಕಂತಿಲ್ಲ. ದೊಡ್ಡವ್ವ ಎರಡು ಮಳೆಗಾಲ ತಗಡಿನ ಶೆಡ್ಡಿನಲ್ಲಿ ಕಳೆದಳು. ‘ಅವನ ಹೆಸರೂ ಕೇಳಲಿಲ್ಲ ನೋಡಪಾ, ಯವ್ವಾ ಅಂದಿದ್ದ’ ಅಂದಳೊಮ್ಮೆ. ಅದನ್ನು ದಡ್ಡತನ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಅವನೂ ಗೌಂಡಿ ಕಾಕಾನಂತೆಯೇ ಎಂದು ಅವಳು ನಂಬಿದ್ದಳು, ಅಷ್ಟೆ.

ಮೋಸ ಹೋದವಳು ದೊಡ್ಡವ್ವ ಒಬ್ಬಳೇ ಅಲ್ಲ. ಹಿರೇಕೆರೂರಿನ ಸೋದರಮಾವನದು ಸ್ಲ್ಯಾಬಿನ ಮನೆ. ಸೋರಿಕೆಗೆ ‘ಕೆಮಿಕಲ್’ ಎಂದು ಯಾರೋ ಬಳಿದುಹೋದದ್ದು ಮೊದಲ ಮಳೆಗೇ ಸಿಪ್ಪೆಯೆದ್ದಿತು. ಶಿಗ್ಗಾಂವದ ಹೆದ್ದಾರಿ ಪಕ್ಕದ ಹಳ್ಳಿಗಳಲ್ಲೂ ಇಂಥ ಸಂಕಟವನ್ನೇ ಕೇಳಿದ್ದೇನೆ.

ಮನೆ ಕಟ್ಟಿಕೊಡುವುದೂ ದುರಸ್ತಿ ಮಾಡಿಕೊಡುವುದೂ ಗ್ರಾಹಕ ಕಾನೂನಿನಲ್ಲಿ ಸೇವೆಯೇ, ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು ಎಂದು ನಮಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ದೂರಿಗೆ ಎರಡು ವರ್ಷದ ಗಡುವು. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಬೇಕೆನಿಸಿದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಗ್ರಾಹಕ ಸಹಾಯವಾಣಿ 1915, ಹಿರಿಯರದ್ದು 14567. ಆದರೆ ದೂರಿಗೆ ಹೆಸರು ಬೇಕು, ವಿಳಾಸ ಬೇಕು, ಹಣ ಕೊಟ್ಟದ್ದಕ್ಕೆ ಚೀಟಿ ಬೇಕು. ದೊಡ್ಡವ್ವನ ಬಳಿ ಮೂರೂ ಇರಲಿಲ್ಲ.

ಅವತ್ತು ಕಟ್ಟೆಯಿಂದ ಎದ್ದು ಹೋಗಿ ಅವಳ ಪಕ್ಕ ಕೂತು, ‘ನಿಮ್ಮೂರು ಯಾವುದ್ರೀ? ಒಂದು ಕಾಗದ ಬರಕೊಡ್ರಿ, ಕೆಲಸ ಆದಷ್ಟಕ್ಕ ದುಡ್ಡು ಕೊಡ್ತೇವಿ’ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆ ಮುಂದೆ ಹೊಸ ಬೈಕು ನಿಂತದ್ದು ಕಂಡರೆ, ದಯವಿಟ್ಟು ನೀವು ಹೋಗಿ ಕೂತುಕೊಳ್ಳಿ.