ಶೇಗಾಂವದ ಹೊಲದಲ್ಲಿ ಸೀತನಿಯ ದಿನಗಳು

ಶೇಗಾಂವ ಎಂದೊಡನೆ ಬಹುಜನರ ನೆನಪಿಗೆ ಬರುವುದು ಬುಲಢಾಣಾ ಜಿಲ್ಲೆಯ ಶೇಗಾಂವ, ಗಜಾನನ ಮಹಾರಾಜರ ಕ್ಷೇತ್ರ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಶೇಗಾಂವಕ್ಕೆ ಅಂಥ ಖ್ಯಾತಿಯಿಲ್ಲ. ಇಲ್ಲಿಗೆ ಬರುವವರು ಹೆಚ್ಚಾಗಿ ನೆಂಟರಿಷ್ಟರು: ಪುಣೆಯಿಂದಲೋ ಮುಂಬಯಿಯಿಂದಲೋ ಹಬ್ಬಕ್ಕೆಂದು ಬರುವ ಮಗಳು, ಅಳಿಯ, ಮೊಮ್ಮಕ್ಕಳು. ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ ಹೊತ್ತಿಗೆ ಬಂದವರು ಮಾತ್ರ ಭಾಗ್ಯವಂತರು. ಆಗ ಈ ಸೀಮೆಯ ಹೊಲಗಳಲ್ಲಿ ಸೀತನಿಯ ಕಾಲ.

ಜತ್ತ ತಾಲ್ಲೂಕಿನ ಒಂದು ಬದಿಗೆ ವಿಜಯಪುರ, ಬೆಳಗಾವಿ ಜಿಲ್ಲೆಗಳು. ಇನ್ನೊಂದು ಬದಿಗೆ ಸೊಲ್ಲಾಪುರ ಜಿಲ್ಲೆಯ ಸಾಂಗೋಲೆ ಮತ್ತು ಮಂಗಳವೇಡೆ. ಗಡಿಯತ್ತ ಸರಿದಂತೆ ಕನ್ನಡ ದಟ್ಟವಾಗುತ್ತದೆ, ಈಚೆಗೆ ಬಂದಂತೆ ಮರಾಠಿ. ಆದರೆ ತಾಟಿನ ಮೇಲಿನ ಜೋಳದ ರೊಟ್ಟಿಗೆ ಈ ಗಡಿಯ ಗೊಡವೆಯಿಲ್ಲ. ಕನ್ನಡಿಗರು ಸೀತನಿ ಎನ್ನುವುದನ್ನೇ, ಕೆಲವು ಊರುಗಳಲ್ಲಿ ಬೆಳಸಿ ಎನ್ನುವುದನ್ನೇ, ಮರಾಠಿಗರು ಹುರ್ಡಾ ಎನ್ನುತ್ತಾರೆ. ಹಾಲು ತುಂಬಿದ ಜೋಳದ ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತೆಗೆದ ಹಸಿರು ಕಾಳು ಅದು.

ಹಿಂಗಾರಿ ಜೋಳದ ಬಾಳುವೆಯೇ ವಿಚಿತ್ರ. ಉತ್ತರೆ, ಹಸ್ತ ಮಳೆಗಳ ಹದ ನೋಡಿ ಬಿತ್ತಿದರೆ ಮುಂದೆ ಮಳೆ ಬರಲಿ ಬಿಡಲಿ, ಎರೆಭೂಮಿ ಒಡಲಲ್ಲಿ ಹಿಡಿದಿಟ್ಟ ತೇವವೇ ಅದಕ್ಕೆ ಆಧಾರ. ಎಡೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ. ಬಿರಿಯುವ ನೆಲದ ಬಾಯಿ ಮುಚ್ಚಿ ಆ ತೇವ ಆರದಂತೆ ಕಾಯುವುದಕ್ಕೂ. ಇಬ್ಬನಿ, ಚಳಿಗಳಲ್ಲಿ ತೆನೆ ಹೊರಬಂದು ಕಾಳು ಮೊದಲು ಹಾಲಾಗುತ್ತದೆ, ಬಳಿಕ ಹಿಟ್ಟಾಗುತ್ತದೆ. ಹಾಲು ಗಟ್ಟಿಯಾಗತೊಡಗಿದ, ಆದರೆ ಇನ್ನೂ ಹಿಟ್ಟಾಗದ ಆ ಕೆಲವೇ ದಿನಗಳಲ್ಲಿ ಕಾಳಿನಲ್ಲಿ ಸಿಹಿ ಇರುತ್ತದೆ. ತಡವಾದರೆ ಆ ಸಿಹಿಯೆಲ್ಲ ಪಿಷ್ಟವಾಗಿ ಹಲ್ಲಿಗೆ ಗಟ್ಟಿಯಾಗುತ್ತದೆ. ಒಂದು ಹೊಲದ ಸೀತನಿ ಎಂಟು ಹತ್ತು ದಿನ ಬಾಳಿದರೆ ಹೆಚ್ಚು. ಆ ದಿನ ಯಾವುದೆಂದು ಪಂಚಾಂಗ ಹೇಳದು. ಬೆರಳುಗಳ ನಡುವೆ ಕಾಳು ಹಿಚುಕಿ ನೋಡುವ ಹೊಲದೊಡೆಯನೇ ಹೇಳಬೇಕು.

ಹೊಲದ ಬದುವಿನ ಬದಿಗೆ ಸಣ್ಣ ಕುಣಿ ತೋಡಿ ಕುಳ್ಳು ಒಟ್ಟಿ ಬೆಂಕಿ ಮಾಡುತ್ತಾರೆ. ಉರಿ ಅಡಗಿ ಕೆಂಡವಾದ ಮೇಲೆ ತೆನೆಗಳನ್ನು ಬೂದಿಯಲ್ಲಿ ಹುದುಗಿಸಿ ಹೊರಳಿಸುತ್ತಾರೆ. ಉರಿಯಲ್ಲಿ ಸುಟ್ಟರೆ ಹೊರಗೆ ಕರಕು, ಒಳಗೆ ಹಸಿ. ಬಿಸಿ ತೆನೆಯನ್ನು ಅಂಗೈಗಳ ನಡುವೆ ತಿಕ್ಕಿ ಹೊಟ್ಟನ್ನು ಊದಿದಾಗ ಉಳಿಯುವುದು ಹಬೆಯಾಡುವ ಹಸಿರು ಕಾಳು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಪಕ್ಕದ ಸಾಲಿನಲ್ಲಿ ಕಡಲೆ ಇದ್ದರೆ ಅದರ ಸುಲಗಾಯಿಯೂ ಅದೇ ಕೆಂಡಕ್ಕೆ. ಪಟ್ಟಣದ ಮಕ್ಕಳ ಕೈ ಮೊದಲ ತೆನೆಗೆ ಸುಡುತ್ತದೆ, ಸುಂಕಿನಿಂದ ಮೈ ತುರಿಸುತ್ತದೆ. ಮೂರನೆಯ ತೆನೆಯ ಹೊತ್ತಿಗೆ ಎರಡೂ ಮರೆತುಹೋಗುತ್ತವೆ.

ಸೀತನಿಯ ತೆನೆ ಎಲ್ಲ ತಳಿಯದೂ ಆಗುವುದಿಲ್ಲ. ರೊಟ್ಟಿಗೆ ಹೆಸರಾದದ್ದು ಮಾಲದಂಡಿ. ಅದರಿಂದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1 ಇಂದಿಗೂ ಹಿಂಗಾರಿಯ ಹೊಲಗಳಲ್ಲಿ ನಿಂತಿದೆ. ಸೀತನಿಗೆ ಗುಲಭೇಂಡಿ, ಸುರತಿಯಂಥ ತಳಿಗಳೇ ಬೇಕು. ಅವುಗಳ ಕಾಳು ಸಿಹಿ, ಹೊಟ್ಟು ಸುಲಭವಾಗಿ ಬಿಡುತ್ತದೆ. ಇವನ್ನು ಹಿಂದಿನವರು ಮಾರಾಟಕ್ಕೆ ಬಿತ್ತುತ್ತಿರಲಿಲ್ಲ. ಹೊಲದ ಒಂದು ಬದಿಗೆ ನಾಲ್ಕು ಸಾಲು, ಮನೆಗೆ ಮತ್ತು ಬಂದವರಿಗೆ. ದಾರಿಯಲ್ಲಿ ಹೋಗುವವನನ್ನು ಕೂಗಿ ಕರೆದು ಕೆಂಡದ ಬಳಿ ಕೂರಿಸುವುದು ರೂಢಿಯಾಗಿತ್ತು.

ಆತಿಥ್ಯ ಈ ನಾಡಿಗೆ ಹೊಸತೂ ಅಲ್ಲ. ಛಟ್ಟಿ ಅಮಾವಾಸ್ಯೆಗೆ ಇದೇ ತಾಲ್ಲೂಕಿನ ಗುಡ್ಡಾಪುರಕ್ಕೆ, ಶರಣೆ ದಾನಮ್ಮನ ಜಾತ್ರೆಗೆ, ಕರ್ನಾಟಕದಿಂದ ಭಕ್ತರು ನಡೆದು ಬರುತ್ತಾರೆ. ಅವರಿಗೆ ದಾರಿಯುದ್ದಕ್ಕೂ ಪ್ರಸಾದ ದೊರೆಯುತ್ತದೆ. ನೆರೆಯ ಮಂಗಳವೇಡೆಯಲ್ಲಿ ಬರಗಾಲದ ದಿನ ಅರಸನ ಕಣಜ ತೆರೆದು ಹಸಿದವರಿಗೆ ಜೋಳ ಹಂಚಿದ ದಾಮಾಜಿಪಂತರ ಕಥೆಯನ್ನು ಇಲ್ಲಿಯ ಮಕ್ಕಳು ಅಜ್ಜಿಯರಿಂದ ಕೇಳಿರುತ್ತಾರೆ. ಆ ಮಂಗಳವೇಡೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ.

ಛಟ್ಟಿಯ ಮರುತಿಂಗಳು ಎಳ್ಳ ಅಮಾವಾಸ್ಯೆ. ಅಂದು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಬಳಿಕ ಸಜ್ಜೆಯ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚುತ್ತಾರೆ. ಲಾತೂರ, ಧಾರಾಶಿವ ಸೀಮೆಯ ಮರಾಠಿ ರೈತರು ಈ ಹಬ್ಬವನ್ನು ‘ಯೇಳವಸ’ ಎನ್ನುತ್ತಾರೆ. ಕನ್ನಡ ಬಲ್ಲ ಕಿವಿಗೆ ಅದರಲ್ಲಿ ‘ಎಳ್ಳ ಅಮಾವಾಸ್ಯೆ’ ಕೇಳಿಸದಿರುವುದು ಕಷ್ಟ.

ಈಗ ಪ್ರವಾಸಿಗರಿಗಾಗಿ ಹೊಲವನ್ನು ತೆರೆದಿಡುವುದು ಮಹಾರಾಷ್ಟ್ರದಲ್ಲಿ ಒಂದು ಕಸುಬೇ ಆಗಿದೆ. 2005ರಲ್ಲಿ ಬಾರಾಮತಿ ಬಳಿಯ ಪಳಶಿವಾಡಿಯಲ್ಲಿ ಪಾಂಡುರಂಗ ತಾವರೆಯವರು ಆರಂಭಿಸಿದ ಕೃಷಿ ಪ್ರವಾಸೋದ್ಯಮ ಅನೇಕ ಜಿಲ್ಲೆಗಳಿಗೆ ಹಬ್ಬಿತು. 2020ರಲ್ಲಿ ರಾಜ್ಯ ಸರ್ಕಾರ ಅದಕ್ಕೊಂದು ನೀತಿಯನ್ನೂ ರೂಪಿಸಿತು. ಪುಣೆಯ ಸುತ್ತಲಿನ ಹೆದ್ದಾರಿಗಳಲ್ಲಿ ಚಳಿಗಾಲ ಬಂತೆಂದರೆ ‘ಹುರ್ಡಾ ಪಾರ್ಟಿ’ಯ ಫಲಕಗಳು. ಕೆಲವೆಡೆ ಸೀತನಿ ಒಂದು ಮುಷ್ಟಿ, ಉಳಿದದ್ದೆಲ್ಲ ಪನೀರು ಮತ್ತು ಧ್ವನಿವರ್ಧಕ. ಪನೀರು ತಿನ್ನಲು ಯಾರೂ ಹೊಲದವರೆಗೆ ಬರಬೇಕಾಗಿಲ್ಲ.

ಜತ್ತದ ಮಟ್ಟಿಗೆ ಪ್ರಶ್ನೆ ಇನ್ನೂ ಆಳದ್ದು. ಇದು ಬರದ ನಾಡು. 2022ರ ಕೊನೆಯಲ್ಲಿ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಜತ್ತದ ಹೆಸರು ಮೇಲಿಂದ ಮೇಲೆ ಬಂದದ್ದು ನೀರಿನ ಕಾರಣದಿಂದಲೇ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ತಲುಪಿದ ಕಡೆ, ಕೊಳವೆಬಾವಿ ಕೈಹಿಡಿದ ಕಡೆ, ದಾಳಿಂಬೆ, ದ್ರಾಕ್ಷಿ ಏಳುತ್ತವೆ. ಅದನ್ನು ತಪ್ಪೆನ್ನಲಾಗದು; ಸಾಲ ತೀರಿಸಿ ಮಕ್ಕಳನ್ನು ಓದಿಸಬೇಕಾದ ರೈತ ಲಾಭದ ಬೆಳೆಯನ್ನೇ ನೋಡಬೇಕು. ಆದರೆ ದಾಳಿಂಬೆಯ ತೋಟದಲ್ಲಿ ಸೀತನಿ ಹುಟ್ಟುವುದಿಲ್ಲ. ಜೋಳ ಬಿತ್ತುವವರೇ ಇಲ್ಲವಾದರೆ ಉಣಿಸಬೇಕೆಂದರೂ ಉಣಿಸುವುದೇನನ್ನು?

ಇಲ್ಲಿಯೇ ಅತಿಥಿಯ ಹಣಕ್ಕೊಂದು ಅರ್ಥ ಬರುತ್ತದೆ. ಒಂದು ಎಕರೆ ಸೀತನಿಗೆ ಬಿಟ್ಟ ರೈತನಿಗೆ ಆ ಎಕರೆಯ ಕಾಳು ಕಣಕ್ಕೆ ಬರುವುದಿಲ್ಲ. ದನಗಳಿಗೆ ಮೇವಷ್ಟೇ ಉಳಿಯುತ್ತದೆ. ಕವಣೆ ಹಿಡಿದು ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾಯುವವರ ದಿನಗಳೂ ಲೆಕ್ಕಕ್ಕೆ ಸೇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೆಳಗಿನಿಂದ ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳ ದುಡಿಮೆ. ಕುದಿವ ನೀರಿನಲ್ಲಿ ಹಿಟ್ಟು ನಾದಿ, ಬಡಿದು, ಹಂಚಿನ ಮೇಲೆ ಹಾಕಿದ ರೊಟ್ಟಿಯ ಮೈಗೆ ನೀರು ಸವರಿ, ಹೊರಳಿಸಿ, ಉಬ್ಬಿಸುವ ಆ ಕೈಚಳಕವನ್ನು ನೋಡಿ ಹೊಗಳುವವರು ಬಹಳ. ಆ ಕೈಗೆ ಕೂಲಿ ಬೇರೆಯಾಗಿ ಸಲ್ಲುತ್ತದೆಯೇ ಎಂದು ಕೇಳುವವರು ಕಡಿಮೆ. ಹೊಲ ತೋರಿಸಲು ಹೊರಟ ಮನೆ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿ ಇದು.

ಕನ್ನಡ ಶಾಲೆಯ ಮಕ್ಕಳಿಗೆ ಇಲ್ಲಿ ಒಂದು ಸಹಜವಾದ ಸ್ಥಾನವಿದೆ. ಅವರಲ್ಲಿ ಬಹಳ ಮಂದಿ ಒಕ್ಕಲುಮಕ್ಕಳೇ. ತರಗತಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಅವರು ವಿಜಯಪುರದಿಂದ ಬಂದವರಿಗೂ ಪುಣೆಯಿಂದ ಬಂದವರಿಗೂ ಒಂದೇ ಹೊಲವನ್ನು ಎರಡು ನುಡಿಗಳಲ್ಲಿ ವಿವರಿಸಬಲ್ಲರು. ಎಡೆಕುಂಟೆ, ಸುಂಕು, ಸುಲಗಾಯಿ, ಚರಗ ಇವು ಪಠ್ಯಪುಸ್ತಕದಲ್ಲಿ ಅಪರೂಪವಾಗಿ ಸಿಗುವ ಮಾತುಗಳು. ಅಜ್ಜನ ಜೊತೆ ಒಂದು ಬೆಳಗು ಬದುವಿನ ಮೇಲೆ ನಡೆದ ಮಗುವಿಗೆ ಪರಿಚಿತ. ಶಾಲೆಯ ವಾರ್ಷಿಕ ಪ್ರವಾಸ ದೂರದ ಕೋಟೆ, ಕಡಲತೀರಗಳಿಗೇ ಹೋಗಬೇಕೆಂದೇನಿಲ್ಲ.

ಹೋಗಬಯಸುವ ಕುಟುಂಬಗಳು ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ಪರಿಚಿತರ ಮೂಲಕ ಮುಂಚಿತವಾಗಿ ತಿಳಿಸಿ ಹೋಗುವುದು ಒಳ್ಳೆಯದು. ತೋಳು ಮುಚ್ಚುವ ಅಂಗಿ, ಗಟ್ಟಿ ಚಪ್ಪಲಿ ಬೇಕು. ಹೊಲದೊಡೆಯನನ್ನು ಕೇಳದೆ ತೆನೆ ಮುರಿಯಬಾರದು. ಬಿಸಿಲೇರುವ ಮುನ್ನ ತಲುಪಿದರೆ ಸೀತನಿ, ಮಧ್ಯಾಹ್ನ ರೊಟ್ಟಿಯೂಟ, ಸಂಜೆಗೆ ಮಾಡಗ್ಯಾಳ ತಳಿಯ ಬಾಗಿದ ಮೂಗಿನ ಕುರಿಗಳು ಹಟ್ಟಿಗೆ ಮರಳುವುದನ್ನು ನೋಡಬಹುದು. ಫೆಬ್ರವರಿಗೆ ಬಂದವರಿಗೆ ಸೀತನಿ ಸಿಗದು; ಆಗ ತೆನೆ ಬೆಳ್ಳಗೆ ಗಟ್ಟಿಯಾಗಿ, ಮನೆಯವರೆಲ್ಲ ಕುಡುಗೋಲು ಹಿಡಿದಿರುತ್ತಾರೆ.